ತೊಟ್ಟಿಲ ಸದ್ದಿನ ದೀಪ

ಭಾನುವಾರ ಮಗುವನ್ನು ಕರೆದುಕೊಂಡು ದೊಡ್ಡ ಮಗನ ಮನೆಗೆ ಹೋಗುತ್ತೇನೆ ಎಂದು ಅಕ್ಕನ ಅತ್ತೆ ಹೇಳಿದ್ದು ಅಕ್ಕನ ಬೆನ್ನ ಹಿಂದೆ ನಿಂತು, ಭಾವನಿಗೆ. ಅಕ್ಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಎದುರಿಗಿದ್ದ ಗಂಡನ ಮುಖ ಇಳಿದದ್ದನ್ನು ನೋಡಿ ತಿರುಗಿದಳು.

“ಏನು?”

“ಏನಿಲ್ಲ ಬಿಡು,” ಎಂದರು ಅತ್ತೆ.

ಸಂಜೆ ನಾನು ಹೋದಾಗ ಭಾವ ನನಗೆ ಹೇಳಿದ. ನಾನು ಅಕ್ಕನಿಗೆ ಕೈಸನ್ನೆಯಲ್ಲಿ ಹೇಳಿದೆ. ಅವಳು ಎಣ್ಣೆಯ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಅತ್ತೆಯದು ಸುಮ್ಮನೆ ಹಟವಲ್ಲ. ಹಿಂದಿನ ವಾರ ಅವರು ಮಾರುಕಟ್ಟೆಯಿಂದ ಬಂದಾಗ ಮಗು ಅತ್ತೂ ಅತ್ತೂ ನೀಲಿಗಟ್ಟಿತ್ತು. ಅಕ್ಕ ಪಕ್ಕದ ಕೋಣೆಯಲ್ಲಿ ಯಾರದೋ ಕೋಟಿನ ತೋಳು ಕೂರಿಸುತ್ತಿದ್ದಳು. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪಾಳಿಯ ಕೆಲಸ, ಮನೆಯಲ್ಲಿರುವುದು ಅಪರೂಪ. ಮಗು ನಡೆಯಲು ಕಲಿತ ಮೇಲೆ ತಂದು ಬಿಡುತ್ತೇನೆ ಎಂದು ಅತ್ತೆ ಹೇಳಿದರೆ ಅವರ ಕಡೆ ತಲೆಯಾಡಿಸಿದ. ಬೇಡ ಎಂದು ಅಕ್ಕ ಹೇಳಿದರೆ ಅವಳ ಕಡೆಗೂ ಆಡಿಸಿದ.

“ಫ್ಯೂಸು, ಏನಾದ್ರೂ ಮಾಡೇ,” ಎಂದ ನನಗೆ. ನಾನು ಲಿಫ್ಟು ರಿಪೇರಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗಿಂದ ಅದೇ ನನ್ನ ಹೆಸರು.

ದೀಪ ಮಿಟುಕಿಸಿ ಅಕ್ಕನನ್ನು ಕರೆಯುವುದು ನಮ್ಮಲ್ಲಿ ಚಿಕ್ಕಂದಿನಿಂದಲೂ ಇತ್ತು. ಅವಳು ಬೇರೆ ಕೋಣೆಯಲ್ಲಿದ್ದರೆ ಸ್ವಿಚ್ಚನ್ನು ಟಕಟಕ ಒತ್ತುತ್ತಿದ್ದೆವು. ಅತ್ತೆಗೆ ಅದು ಸರಿಹೋಗದು, ಬಲ್ಬು ಹಾಳಾಗುತ್ತದಂತೆ. ಅವರು ನೆಲಕ್ಕೆ ಕಾಲು ಬಡಿಯುತ್ತಾರೆ. ಕೆಳಗಿನ ಮನೆಯವರು ಹತ್ತಿ ಬರುತ್ತಾರೆ, ಅಕ್ಕ ಬರುವುದಿಲ್ಲ.

ನಾನು ಸಣ್ಣ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡುಗಳನ್ನು ತಂದೆ. ಒಂದಕ್ಕೆ ಮೈಕು ಬೆಸೆದು ತೊಟ್ಟಿಲ ಕಾಲಿಗೆ ಕಟ್ಟಿದೆ. ಉಳಿದವಕ್ಕೆ ತಾನಾಗಿ ಒತ್ತಿಕೊಳ್ಳುವ ಸ್ವಿಚ್ಚಿನಂಥ ರಿಲೇ ಹಾಕಿ ಅಡುಗೆಮನೆಯ ಬಲ್ಬಿಗೆ, ಹೊಲಿಗೆ ಯಂತ್ರದ ದೀಪಕ್ಕೆ, ಅಕ್ಕ ಮಲಗುವ ಕಡೆಯ ದೀಪಕ್ಕೆ ಜೋಡಿಸಿದೆ. ನಡುವೆ ತಂತಿಯಿಲ್ಲ, ಎಲ್ಲವೂ ವೈಫೈ. ಮಗು ಅತ್ತರೆ ಮನೆಯ ದೀಪಗಳೆಲ್ಲ ಮಿಟುಕಬೇಕು.

ಮಿಟುಕಿದವು. ಕುಕ್ಕರ್ ಕೂಗಿದರೂ, ಬೀದಿಯಲ್ಲಿ ಲಾರಿ ಹಾರ್ನ್ ಹೊಡೆದರೂ, ಎದುರು ಮನೆಯವರು ಬಾಗಿಲು ಬಡಿದರೂ ಮಿಟುಕಿದವು. ಅಕ್ಕ ಪ್ರತಿಸಲವೂ ಓಡಿದಳು. ಮಗು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿತ್ತು. ಮೈಕಿನ ಸೂಕ್ಷ್ಮತೆ ಇಳಿಸಿದೆ. ಈಗ ಮಗು ನಿಜವಾಗಿ ಅತ್ತಾಗಲೂ ದೀಪ ಕದಲಲಿಲ್ಲ. ಆಮೇಲೆ ಅಳುವಿನ ದನಿಯನ್ನು ಮಾತ್ರ ಗುರುತಿಸುವ ಪ್ರೋಗ್ರಾಮ್ ಬರೆದು ಹಾಕಿದೆ. ಅತ್ತೆ ಕೆಮ್ಮಿದರು. ಮೂರೂ ದೀಪ ಮಿಟುಕಿದವು.

“ನೋಡಮ್ಮ, ನಿನ್ನ ಯಂತ್ರಕ್ಕೆ ನಾನೇ ಕೂಸು,” ಎಂದು ಅತ್ತೆ ನಕ್ಕರು. ಭಾವನೂ ನಕ್ಕ. ಆಮೇಲೆ ಅತ್ತೆ ಮಗುವಿನ ಬಟ್ಟೆ ಮಡಚಿ ಚೀಲಕ್ಕೆ ತುಂಬುವ ಕೆಲಸ ಮುಂದುವರಿಸಿದರು.

ಶನಿವಾರ ಮಧ್ಯಾಹ್ನ ನಾನು ಬೋರ್ಡನ್ನು ಕಿತ್ತು ಮುಂದಿಟ್ಟುಕೊಂಡು ಕೂತಿದ್ದೆ. ಅಕ್ಕ ನನ್ನ ಭುಜ ತಟ್ಟಿ ಕೈಸನ್ನೆ ಮಾಡಿದಳು. “ಲಾರಿ ಹೋದ್ರೂ ಇಷ್ಟೇ ಮಿಟುಕುತ್ತೆ, ಮಗು ಅತ್ರೂ ಇಷ್ಟೇ. ಎರಡೂ ಒಂದೇ ಥರ ಇರುತ್ತಾ?”

“ಇರಲ್ಲ.”

“ಮತ್ತೆ ಯಾಕೆ ಒಂದೇ ಥರ ತೋರಿಸ್ತೀಯ?”

“ಯಾವುದು ಅಳು ಅಂತ ಬೋರ್ಡೇ ತೀರ್ಮಾನ ಮಾಡಿ ಹೇಳುತ್ತೆ ಕಣೆ.”

“ಬೇಡ,” ಎಂದಳು. “ಎಲ್ಲರೂ ಅದನ್ನೇ ಮಾಡೋದು. ನೀವೆಲ್ಲ ಅರ್ಧ ಗಂಟೆ ನಗ್ತೀರ. ನಾನು ಏನು ಅಂತ ಕೇಳಿದ್ರೆ, ಏನಿಲ್ಲ ಬಿಡು ಅಂತೀರ. ಬಂದದ್ದನ್ನ ಬಂದ ಹಾಗೆ ಕಳಿಸು. ಯಾವುದು ಏನು ಅಂತ ನಾನು ನೋಡ್ಕೋತೀನಿ.”

ನಾನು ರಿಲೇಗಳನ್ನು ತೆಗೆದೆ. ಟಕ್ಕೆಂದು ಹತ್ತಿ ಆರುವುದು ಬಿಟ್ಟರೆ ಅವಕ್ಕೆ ಬೇರೇನೂ ಬಾರದು. ಬಲ್ಬಿನ ಜಾಗದಲ್ಲಿ ಎಲ್‌ಇಡಿ ಪಟ್ಟಿ ಅಂಟಿಸಿ, ಸದ್ದು ಏರಿದಷ್ಟು ಬೆಳಕು ಏರುವಂತೆ, ಇಳಿದಷ್ಟು ಇಳಿಯುವಂತೆ ಮಾಡಿದೆ. ಕಷ್ಟಪಟ್ಟು ಬರೆದ ಪ್ರೋಗ್ರಾಮನ್ನು ಪೂರ್ತಿ ಅಳಿಸಿಹಾಕಿದೆ.

ಅಕ್ಕ ಒಲೆಯ ಮೇಲಿನ ಪಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತಳು. ಸಣ್ಣಗೆ ನಡುಗಿದರೆ ಫ್ಯಾನು. ಒಂದೇ ಸಲ ಭಗ್ಗೆಂದು ಹತ್ತಿ ಆರಿದರೆ ಬಾಗಿಲು. ತುಂಬಾ ಹೊತ್ತು ಕದಲದೆ ಉರಿದರೆ ಕುಕ್ಕರ್. ನಾನು ಒಂದೊಂದನ್ನೂ ಸನ್ನೆಯಲ್ಲಿ ಹೇಳುತ್ತ ಹೋದೆ. ಆಮೇಲೆ ಮಗು ಎದ್ದು ಅತ್ತಿತು. ಬೆಳಕು ಮೆಲ್ಲಗೆ ಏರಿ ತುದಿಯಲ್ಲಿ ಒದ್ದಾಡಿ ಇಳಿಯಿತು. ಉಸಿರೆಳೆದುಕೊಳ್ಳುವಷ್ಟು ಹೊತ್ತು ಕತ್ತಲು. ಮತ್ತೆ ಏರಿತು. ನಾನು ಕೈಯೆತ್ತುವ ಮೊದಲೇ ಅಕ್ಕ ಎದ್ದು ಹೋಗಿದ್ದಳು.

“ಒಂದು ಸಲ ಸರಿಯಾಯ್ತು ಅಂತ ಮಗೂನ ಬಿಟ್ಟು ಹೋಗಕ್ಕಾಗುತ್ತಾ?” ಎಂದರು ಅತ್ತೆ.

ಭಾನುವಾರ ಬೆಳಿಗ್ಗೆ ಚೀಲಗಳು ಬಾಗಿಲ ಬಳಿ ಬಂದವು. ಭಾವ ಆಟೋ ತರಲು ಹೋದ. ಅಕ್ಕ ಅಡುಗೆಮನೆಯಲ್ಲಿ ದಾರಿಗೆಂದು ಹಾಲು ಕಾಯಿಸುತ್ತಿದ್ದಳು. ಅತ್ತೆ ತೊಟ್ಟಿಲ ಪಕ್ಕ ಕೂತು ಮಗುವಿಗೆ ಟೋಪಿ ಹಾಕುತ್ತ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಒಲೆಯ ಬಳಿಯಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಅವಳ ದನಿ ಒರಟು, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮನೆಯವರಿಗೆ ಅರ್ಥವಾಗುತ್ತದೆ.

“ಮಗು ಅಲ್ಲ. ನೀವು. ಏನು ಹೇಳ್ತಾ ಇದ್ರಿ?”

ಅತ್ತೆ ಬೆಚ್ಚಿ ತಿರುಗಿದರು. “ಏನಿಲ್ಲ ಬಿಡು.”

“ಏನಿಲ್ಲದ್ದಕ್ಕೆ ಇಷ್ಟು ಹೊತ್ತು ಬೆಳಕು ಬರಲ್ಲ ಅತ್ತೆ.”

ಅತ್ತೆ ನನ್ನ ಮುಖ ನೋಡಿದರು. ನಾನು ಮೇಲಿನ ಫ್ಯಾನು ನೋಡಿದೆ. ಕೊನೆಗೆ ಅವರೇ ಅಕ್ಕನ ಎದುರು ಬಂದು, ತುಟಿ ಕಾಣುವಂತೆ, ಒಂದೊಂದೇ ಮಾತಾಗಿ ಹೇಳಿದರು. “ಅಲ್ಲಿ ಸೊಸೆ ಕೆಲಸಕ್ಕೆ ಹೋಗ್ತಾಳೆ. ಮನೇಲಿ ನಾನೊಬ್ಬಳೇ. ನನಗೂ ಈಗ ರಾತ್ರಿ ಬೇಗ ಎಚ್ಚರ ಆಗಲ್ಲ. ನಿನ್ನ ಕರ್ಕೊಂಡು ಹೋಗಿ ಏನು ಮಾಡ್ತೀನೋ ಅಂತ ಈ ಕೂಸಿನ ಹತ್ರ ಹೇಳ್ತಾ ಇದ್ದೆ.”

ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು. ಅಕ್ಕ ಓಡಿದಳು. ಟೋಪಿ ಹಿಡಿಸದೆ ಮಗು ಅಳತೊಡಗಿತು. ನಾನು ಎತ್ತಿಕೊಳ್ಳಲು ಬಗ್ಗಿದೆ. ಅತ್ತೆ ನನ್ನ ಕೈ ಹಿಡಿದರು.

“ಇರು,” ಎಂದರು ಮೆಲ್ಲಗೆ. ಅವರ ಇನ್ನೊಂದು ಕೈ ತೊಟ್ಟಿಲನ್ನು ಬಿಗಿಯಾಗಿ ಹಿಡಿದಿತ್ತು.

ಅಕ್ಕ ಬಂದಳು. ಕೈಯಲ್ಲಿ ಮಸಿಬಟ್ಟೆ ಹಾಗೆಯೇ ಇತ್ತು. ನಮ್ಮಿಬ್ಬರನ್ನೂ ಸರಿಸಿ ಮಗುವನ್ನು ಎತ್ತಿಕೊಂಡು ಟೋಪಿ ಕಿತ್ತು ಎಸೆದಳು. ಅಳು ನಿಂತಿತು.

ಅತ್ತೆ ಟೋಪಿಯನ್ನು ಎತ್ತಿ ಕೊಡವಿದರು. ಬಾಗಿಲ ಬಳಿ ಹೋಗಿ, ಮಗುವಿನ ಚೀಲವನ್ನು ಕಾಲಿನಿಂದ ಒಳಕ್ಕೆ ತಳ್ಳಿದರು.

“ಮುಂದಿನ ವಾರ ಬಂದು ನೋಡ್ತೀನಿ,” ಎಂದರು ನನಗೆ. “ಕರೆಂಟು ಹೋದ್ರೆ?”

“ಬ್ಯಾಟರಿ ಇದೆ.”

“ಅದೂ ಹೋದ್ರೆ?”

“ನಿಮ್ಮ ಕಾಲಿದೆಯಲ್ಲ ಅತ್ತೆ, ಬಂದು ನೆಲಕ್ಕೆ ಬಡೀರಿ.”

ನಗಬಾರದೆಂದು ಬಾಯಿ ಬಿಗಿಹಿಡಿದು ಮೆಟ್ಟಿಲಿಳಿದರು.

ಸ್ವಲ್ಪ ಹೊತ್ತಿಗೆ ಅಕ್ಕ ಮಗುವನ್ನು ಮಲಗಿಸಿ ಯಂತ್ರದ ಮುಂದೆ ಕೂತಿದ್ದಳು. ಎದುರಿನ ಪಟ್ಟಿ ತಟಕ್ಕನೆ ಹತ್ತಿತು, ಆರಿತು, ಮತ್ತೆ ಹತ್ತಿತು. ಅಕ್ಕ ಹುಬ್ಬು ಗಂಟಿಕ್ಕಿ ನನ್ನತ್ತ ನೋಡಿದಳು. ಅದು ಅವಳಿಗೆ ಪರಿಚಯವಿಲ್ಲದ ಬೆಳಕು. ನಾನು ತೆರೆದಿದ್ದ ಕಿಟಕಿ ತೋರಿಸಿದೆ.

ಕೆಳಗೆ, ತಿರುಗಿ ಬಂದಿದ್ದ ಆಟೋದಿಂದ ತಲೆ ಹೊರಹಾಕಿ ಅತ್ತೆ ಅಕ್ಕನ ಹೆಸರು ಹಿಡಿದು ಕೂಗುತ್ತಿದ್ದರು. ಮದುವೆಯಾಗಿ ಬಂದಾಗಿಂದ ಅವರು ಅವಳನ್ನು ಕೂಗಿ ಕರೆದದ್ದೇ ಇಲ್ಲ. ಕನ್ನಡಕ ಮರೆತಿದ್ದರು.