ಎರಡನೇ ಶನಿವಾರದ ಗುರುತು

ತೀರಿಕೊಂಡ ಗಂಡನ ಬಾಯಿಗೆ ಅಕ್ಕಿಕಾಳು ಹಾಕಲು ಬಗ್ಗಿದ ಕಮಲಾಕ್ಷಿಯ ಕೈ ಅಲ್ಲೇ ನಿಂತಿತು. ದಕ್ಷಿಣಾಮೂರ್ತಿಯವರ ಮೇಲ್ದುಟಿಯ ಮೇಲೆ ಆ ಗುರುತು ಇನ್ನೂ ಇತ್ತು, ಅರ್ಧ ಬಳೆ ಒತ್ತಿ ತೆಗೆದ ಹಾಗೆ. ಹೊತ್ತಾಯಿತೆಂದು ಪುರೋಹಿತರು ತೆಲುಗಿನಲ್ಲಿ ಅವಸರಿಸಿದರು.

ಅಷ್ಟರಲ್ಲಿ ವಿಜಯವಾಡದ ಗವರ್ನರ್‌ಪೇಟೆಯ ಆ ಮನೆಯ ಇಕ್ಕಟ್ಟು ಮೆಟ್ಟಿಲು ಹತ್ತಿ ಇಬ್ಬರು ಬಂದರು. ಒಬ್ಬರು ಎತ್ತರದ ಮುದುಕರು. ಜೊತೆಗೆ ಐವತ್ತರ ಆಸುಪಾಸಿನ ಹೆಂಗಸು. ಚಪ್ಪಲಿ ಬಿಡುವ ಮೊದಲೇ ಅವಳು ಅತ್ತುಬಿಟ್ಟಳು. ಕೂಡಿದ್ದವರೆಲ್ಲ ಅವಳನ್ನು ನೋಡಿದರು, ಆಮೇಲೆ ಕಮಲಾಕ್ಷಿಯನ್ನು ನೋಡಿದರು.

"ಯಾರೇ ಅದು?" ಎಂದಳು ಕಮಲಾಕ್ಷಿ, ಮಗಳನ್ನು.

"ತೆಲೀದಮ್ಮ," ಎಂದಳು ಹಾರಿಕಾ, ತೆಲುಗು ಬೆರೆಸಿ. "ವೈಜಾಗ್‌ನಿಂದ ಬಂದ್ರಂತೆ."

ಕಮಲಾಕ್ಷಿ ಅಕ್ಕಿಯನ್ನು ಮುಷ್ಟಿಯಲ್ಲೇ ಹಿಡಿದು ಎದ್ದುನಿಂತಳು.

*

ದಕ್ಷಿಣಾಮೂರ್ತಿ ಹಿರಿಯೂರಿನವರು, ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯವಾಡಕ್ಕೆ ಬಂದು ಅಲ್ಲೇ ಉಳಿದರು. ೨೦೧೫ರಲ್ಲಿ ಬ್ಯಾಂಕುಗಳಿಗೆ ಎರಡನೇ ಶನಿವಾರ ರಜೆ ಬಂದದ್ದೇ ಬಂದದ್ದು, ಅವರಿಗೆ ವಿಶಾಖಪಟ್ಟಣದಲ್ಲಿ ತಿಂಗಳು ತಿಂಗಳೂ ಯೂನಿಯನ್ ಮೀಟಿಂಗು ಶುರುವಾಯಿತು. ಭಾನುವಾರ ಸಂಜೆ ತಿರುಗಿ ಬರುವಾಗ ತುಟಿ ಕೆಂಪಗಿರುತ್ತಿತ್ತು.

"ಏನ್ರೀ ಅದು, ತುಟಿ ಮೇಲೆ?"

"ರೈಲಲ್ಲಿ ಟೀ ಸುಡ್ತು ಕಣೇ."

ತಿಂಗಳು ತಪ್ಪದೆ ಸುಡುವ ಅದೆಂಥ ಟೀ ಎಂದು ಕಮಲಾಕ್ಷಿ ಕೇಳಲಿಲ್ಲ. ಕೇಳಿದರೆ ನಿಜವಾದ ಉತ್ತರವೇ ಬಂದುಬಿಟ್ಟೀತು ಎಂಬ ಭಯ. ಅಂಗಿ ಒಗೆಯುವ ಮೊದಲು ಮೂಸುತ್ತಿದ್ದಳು. ಎರಡು ವರ್ಷ ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಬಡಿಸಿದಳು. ಹೋದ ಶನಿವಾರವೂ ಹೋಗಿದ್ದರು. ಸೋಮವಾರ ಬ್ಯಾಂಕಿನಲ್ಲೇ ಎದೆ ಹಿಡಿದುಕೊಂಡು ಕುಸಿದರು.

*

"ಅಕ್ಕ, ನಾನು ಭ್ರಮರಾಂಬ, ವೈಜಾಗ್ ಪಕ್ಕದ ಭೀಮುನಿಪಟ್ಟಣದಿಂದ. ನಮ್ಮಮ್ಮ ಬಳ್ಳಾರಿಯವರು," ಎಂದಳು ಆ ಹೆಂಗಸು. ಕನ್ನಡ ಬೇರೆ ಬರುತ್ತಿತ್ತು.

"ನಮ್ಮನೆಯವರು ನಿಮ್ಮನೇಲಿ ಇರ್ತಿದ್ರಾ?"

"ಹೌದಕ್ಕ. ಯಾರಿಗೂ ಹೇಳ್ಬೇಡಿ ಅಂದಿದ್ರು."

ಯಾರೋ ಕೆಮ್ಮಿದರು. ಮುದುಕರು ಚೀಲದಿಂದ ಒಂದು ಸಿಡಿ ತೆಗೆದು ತೋರಿಸಿದರು. ಮುಖಪುಟದಲ್ಲಿ ಐದು ಜನ. ಡ್ರಮ್ಸ್ ಮುಂದೆ ಅದೇ ಮುದುಕರು, ಪಿಯಾನೊ ಮುಂದೆ ಭ್ರಮರಾಂಬ. ನಡುವೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ಟ್ರಂಪೆಟ್ ಹಿಡಿದ ಬೋಳುತಲೆ. ಆ ನೀಲಿ ಅಂಗಿಗೆ ಇಸ್ತ್ರಿ ಮಾಡಿದ್ದು ಕಮಲಾಕ್ಷಿಯೇ.

"ಜಾಜ್ ಸಂಗೀತ ಅಕ್ಕ. ಅದ್ರಲ್ಲಿ ಹಾರ್ಡ್ ಬಾಪ್ ಅನ್ನೋ ಥರ, ಬಿಸಿ ಜಾಸ್ತಿ. ಐದೂ ಜನ ಒಂದೇ ರೂಮಲ್ಲಿ ಕೂತು ಒಂದೇ ಸಲಕ್ಕೆ ನುಡಿಸ್ಬೇಕು. ಒಬ್ರು ತಪ್ಪಿದ್ರೆ ಎಲ್ಲರೂ ಮೊದಲಿಂದ. ಆರು ಟ್ಯೂನ್‌ಗೆ ಎರಡು ವರ್ಷ ಹಿಡೀತು."

"ಊದಲ್ಲ ಅಂತ ನನ್ ಮಗಳ ತಲೆ ಮುಟ್ಟಿದ್ರು," ಎಂದಳು ಕಮಲಾಕ್ಷಿ. ಹರ್ನಿಯಾ ಆಪರೇಷನ್ ಆದಾಗ, ಡಾಕ್ಟರು ಬೇಡವೆಂದರೆಂದು ಆಣೆ ಮಾಡಿಸಿದವಳು ಅವಳೇ. ಟ್ರಂಪೆಟ್ ಮಾರಿದೆ ಎಂದು ಅವರು ಹೇಳಿ ಹದಿನೆಂಟು ವರ್ಷವಾಗಿತ್ತು.

"ಅದಕ್ಕೇ ಅಕ್ಕ ಬೆನ್ನು ತಿರುಗಿಸಿ ನಿಂತಿದ್ದು."

ಕಥೆ ಚೆನ್ನಾಗಿದೆ ಎನಿಸಿತು ಕಮಲಾಕ್ಷಿಗೆ, ತೀರಾ ಚೆನ್ನಾಗಿದೆ. ಟ್ರಂಪೆಟ್ ಹಿಡಿದ ಮಾತ್ರಕ್ಕೆ ಗಂಡಸು ಸಾಚಾ ಆಗಿಬಿಡುತ್ತಾನೆಯೇ? ಅವಳ ಕಣ್ಣು ಭ್ರಮರಾಂಬಳ ತುಟಿಯ ಮೇಲೆಯೇ ಇತ್ತು.

ಭ್ರಮರಾಂಬ ಕರವಸ್ತ್ರದಲ್ಲಿ ಸುತ್ತಿದ್ದ ಲೋಹದ ಸಣ್ಣ ತುಂಡೊಂದನ್ನು ಮುಂದೆ ಹಿಡಿದಳು. ಟ್ರಂಪೆಟ್ಟಿನ ತುದಿಯಲ್ಲಿ, ಬಾಯಿಗೆ ಇಟ್ಟುಕೊಳ್ಳುವ ಭಾಗ. "ಇದೊಂದು ಅವರ ಜೊತೆ ಹೋಗ್ಲಿ ಅಂತ ತಂದ್ವಿ."

ಕಮಲಾಕ್ಷಿ ಅದನ್ನು ಎಡಗೈಯಲ್ಲಿ ಕಸಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕನ್ನಡಿಯ ಮುಂದೆ ನಿಂತು ತುಟಿಗೆ ಒತ್ತಿದಳು. ತೆಗೆದು ನೋಡಿದಳು, ಗುರುತು ಸಾಲದೆಂದು ಅದೇ ಅರ್ಧ ಬಳೆ ಮೂಡುವವರೆಗೆ ಮತ್ತೆ ಒತ್ತಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು, ಬೆಳಗಿನಿಂದ ಬಂದಿರಲಿಲ್ಲ.

ಹೊರಗೆ ಬಂದಾಗ ಹಾರಿಕಾ ಗಾಬರಿಯಾದಳು. "ತುಟಿಗೆ ಏನಾಯ್ತಮ್ಮ?"

"ಟೀ ಸುಡ್ತು," ಎಂದಳು ಕಮಲಾಕ್ಷಿ.

ಗಂಡನ ತಲೆಯ ಬಳಿ ಕೂತು, ಬಲಮುಷ್ಟಿಯ ಬೆವರಿಗೆ ಅಂಟಿಕೊಂಡಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಬಿಡಿಸಿ ಆ ಅರ್ಧ ಬಳೆಯ ಕೆಳಗೆ ಹಾಕತೊಡಗಿದಳು.