ಪಾಂಡುರಂಗರಾಯರ ರೈಲು ತಡವಾದದ್ದು

ಕಂಪ್ಯೂಟರಿನ ವಿಷಯ ಹಿಡಿದು ಕಥೆ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಸಂಜೆಯ ಕ್ಲಾಸಿನಲ್ಲಿ ಕಲಿತದ್ದು ಅಷ್ಟಕ್ಕಷ್ಟೇ. ಮೇಲಾಗಿ ಇದು ಇನ್ನೊಬ್ಬರ ಮನೆಯ ಮದುವೆಯ ಮಾತು, ಹೇಳುವುದು ಸರಿಯೋ ತಪ್ಪೋ ಎಂಬ ಅಳುಕೂ ಇದೆ. ತಪ್ಪಿದ್ದಲ್ಲಿ ತಿಳಿದವರು ತಿದ್ದಿಕೊಳ್ಳಬೇಕು, ಆ ಎರಡೂ ಮನೆಯವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಚಿತ್ತಾಪುರದ ಸುಜಯನಿಗೆ ಆ ವರ್ಷ, ಎಂದರೆ ಎರಡು ಸಾವಿರದ ಮೂರನೆಯ ಇಸವಿಯಲ್ಲಿ, ಇದ್ದ ಚಿಂತೆ ಒಂದೇ. ತಂಗಿ ಶ್ರೀವಿದ್ಯಾಳ ಮದುವೆಯ ಮಾತು ಶಹಾಬಾದದ ಪಾಂಡುರಂಗರಾಯರ ಮಗ ರಘುವೀರನೊಂದಿಗೆ ನಡೆದಿತ್ತು. ಹುಡುಗ ಶಾಲಾ ಮಾಸ್ತರ. ಜಾತಕ ಕೂಡಿತ್ತು, ಹುಡುಗಿಯೂ ತಲೆ ತಗ್ಗಿಸಿ ನಕ್ಕಿದ್ದಳು. ನಿಶ್ಚಯದ ದಿನ ಗೊತ್ತುಮಾಡುವುದಷ್ಟೇ ಉಳಿದಿತ್ತು. ತಂದೆಯಿಲ್ಲದ ಮನೆ, ಓಡಾಡುವವನೂ ಸುಜಯ, ಮಾತಾಡುವವನೂ ಸುಜಯ. ಅಂಥ ಹೊತ್ತಿನಲ್ಲೇ ಅವನ ಕೈಯಿಂದ ಆ ಮನೆಗೆ ಒಂದು ಕಂಪ್ಯೂಟರ್ ಹೋಯಿತು.

ಹೋದದ್ದು ವರೋಪಚಾರವೆಂದಲ್ಲ. ಸುಜಯ ಹಗಲು ಮಶಾಕನ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದ, ಸಂಜೆ ರೈಲು ಹಿಡಿದು ವಾಡಿಗೆ ಹೋಗಿ ಹಾರ್ಡ್‌ವೇರ್ ಕ್ಲಾಸು ಮುಗಿಸಿದ್ದ. ಅದು ಕಿವಿಗೆ ಬಿದ್ದದ್ದೇ ರಾಯರು, "ಮನಿಯೊಳಗ ತಿಳದಾಂವ ಇರಲಿಕ್ಕೆ ಹೊರಗಿನವರಿಗೆ ಯಾಕ ಹೇಳಬೇಕು? ನೀನs ಜೋಡಿಸಿಕೊಡಪಾ" ಎಂದು ತಾವೇ ಹಣ ಕೊಟ್ಟರು. ಸುಜಯ ಹೈದರಾಬಾದಿಗೆ ಹೋಗಿ ಒಂದೊಂದೇ ಭಾಗ ಆರಿಸಿ ತಂದ. ಎಲ್ಲವೂ ಹೊಸದು. ಅವನು ತನ್ನ ಕೈಯಾರೆ ಪೂರ್ತಿ ಜೋಡಿಸಿದ ಮೊದಲ ಯಂತ್ರ ಅದು. ಒಂದೊಂದು ತಿರುಪು ಬಿಗಿಯುವಾಗಲೂ ಕೈ ಬೆವರುತ್ತಿತ್ತು.

ರಾಯರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ನೌಕರಿಯುದ್ದಕ್ಕೂ ಕೊನೆಯ ಡಬ್ಬಿಯಲ್ಲಿ ಕೂತು, ದಾಟಿಹೋದ ಊರುಗಳನ್ನಷ್ಟೇ ನೋಡುತ್ತ ಬಂದವರು. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟವೊಂದಿದೆ ಎಂದು ಮಗ ತೋರಿಸಿದಾಗಿನಿಂದ ಅವರಿಗೆ ಬೇರೆ ಲೋಕವೇ ಬೇಡವಾಯಿತು. ಊಟವಾದ ಮೇಲೆ ಪಂಚೆ ಮೇಲೆ ಕಟ್ಟಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತರೆಂದರೆ ಈಗ ಅವರು ಇಂಜಿನ್ನಿನಲ್ಲಿರುವ ಮನುಷ್ಯ.

ಹದಿನೈದು ದಿನ ಎಲ್ಲ ನೆಟ್ಟಗಿತ್ತು. ಆಮೇಲೆ ಮಶಾಕನ ಅಂಗಡಿಗೆ ಫೋನ್ ಬಂತು.

"ಸುಜಯ, ನಿನ್ನ ಮಷೀನಿನಾಗ ನನ್ನ ಗಾಡಿ ಎತ್ತಿನ ಬಂಡಿ ಆಗ್ಯದ ನೋಡಪಾ. ಹೊಂಡೂ ಹೊತ್ತಿಗೆ ಛಂದ ಹೊಂಡತದ, ಜರಾ ಮುಂದ ಹೋತು ಅಂದ್ರ ಜಗ್ಗಿ ಜಗ್ಗಿ ನಿಂದರತದ. ಸ್ಟೇಷನ್ನಿಗೆ ಲೇಟ್! ನನ್ನ ಸರ್ವಿಸಿನಾಗ ಇಂಥಾ ಲೇಟ್ ಮಾಡಿದ್ರ ಮೆಮೊ ಕೊಡ್ತಿದ್ರು."

ನಗುತ್ತಲೇ ಅಂದರು. ಸುಜಯನಿಗೆ ನಗು ಬರಲಿಲ್ಲ. 'ನಿನ್ನ ಮಷೀನು' ಎಂಬ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

"ರವಿವಾರ ಬರ್ತೀನ್ರಿ ಕಾಕಾ" ಎಂದ. ಹುಡುಗಿಯ ಕಡೆಯವರು ಹೇಳಿ ಕಳಿಸದೆ ಹುಡುಗನ ಮನೆಯ ಹೊಸ್ತಿಲು ತುಳಿಯಬಾರದು, ಬರಿಗೈಯಲ್ಲಂತೂ ಹೋಗಲೇಬಾರದು ಎಂಬುದು ತಾಯಿಯ ಕಟ್ಟಪ್ಪಣೆ.

ಪೇಡೆಯ ಡಬ್ಬಿ ಹಿಡಿದು ರವಿವಾರ ಹೋದ. ರಾಯರ ಹೆಂಡತಿ ರುಕ್ಮಿಣಿಬಾಯಿ, "ಬರ್ರಿ ಬೀಗರು, ಕುಂದ್ರಿ" ಎಂದು ಚಾಪೆ ಹಾಸಿದರು. ಶಹಾಬಾದದಲ್ಲಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಾರಖಾನೆಗಳ ಧೂಳು ಬಿಟ್ಟ ಮನೆಯಿಲ್ಲ. ಹಾಗಾಗಿ ಎಲ್ಲರ ಮನೆಯಲ್ಲೂ ಟೀವಿ, ರೇಡಿಯೊ, ಹೊಲಿಗೆ ಮಷೀನು ಎಲ್ಲಕ್ಕೂ ಗವಸಣಿಗೆ. ಈ ಮನೆಯಲ್ಲಿ ಮಾತ್ರ ಒಂದಕ್ಕೂ ಹೊದಿಕೆಯಿಲ್ಲ, ಆದರೂ ಎಲ್ಲ ಥಳಥಳ. ಎಂಥ ಅಚ್ಚುಕಟ್ಟಿನ ಹೆಂಗಸು, ತಂಗಿ ಇವರ ಕೈಯಲ್ಲಿ ಹೇಗೆ ಬಾಳುತ್ತಾಳೋ ಎಂದುಕೊಂಡ ಸುಜಯ.

ಕಂಪ್ಯೂಟರ್ ಚಾಲೂ ಮಾಡಿದರು. ರೈಲು ಹೊರಟಿತು. ಜಗ್ಗಲಿಲ್ಲ, ನಿಲ್ಲಲಿಲ್ಲ, ಬೆಟ್ಟ, ಸೇತುವೆ, ಸಿಗ್ನಲ್ ಎಲ್ಲ ಎಣ್ಣೆ ಹಚ್ಚಿದಂತೆ ಸರಿದುಹೋದವು. ರಾಯರು ಗಡಿಯಾರ ನೋಡಿದರು, ಪರದೆ ನೋಡಿದರು.

"ನೋಡs ಇದರ ಬೇರಕಿತನ! ನಿನ್ನ ಮುಂದ ಶಾಣ್ಯಾತನ ಮಾಡ್ಲಿಕತ್ತದ."

"ಇವರದ್ದೇನು ಕೇಳತೀ ತಮ್ಮಾ" ಎಂದರು ರುಕ್ಮಿಣಿಬಾಯಿ. "ಗಾಡಿ ಲೇಟ್ ಆದ್ರ ಇವರಿಗೆ ಚಾ ಸೇರೂದಿಲ್ಲ. ಮನ್ನಿ ಅಂತೂ ಸಿಟ್ಟಿನಾಗ ಸೀಟಿ ಊದಿಬಿಟ್ರು. ಬಾಜೂ ಮನಿಯವರು ಓಡಿ ಬಂದ್ರು."

ಸುಜಯ ಸುಮ್ಮನೆ ಬರಲಾರದೆ ವೈರಸ್ ಹುಡುಕಿದ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತೆಗೆದು ಮತ್ತೆ ಹಾಕಿದ, ಬೇಡದ ಪ್ರೋಗ್ರಾಮು ಅಳಿಸಿದ. ಅವನು ಮನೆ ಮುಟ್ಟಿ ಎರಡು ದಿನಕ್ಕೆ ಮತ್ತೆ ಫೋನ್: ಗಾಡಿ ಲೇಟ್. ಮತ್ತೊಂದು ರವಿವಾರ ಹೇಳಿ ಹೋದ, ಮತ್ತೆ ಅವನೆದುರು ರೈಲು ಸಮಯಕ್ಕೆ ಸರಿಯಾಗಿ ಓಡಿತು. ಈ ಸಲ ರಾಯರು ನಗಲಿಲ್ಲ.

"ಹಂಗಾರ ನಾ ಸುಳ್ಳ ಹೇಳ್ಲಿಕತ್ತೀನೇನು?"

"ಛೆ, ಹಂಗಲ್ರಿ ಕಾಕಾ. ಇದನ್ನ ಮನಿಗೆ ಒಯ್ದು ನೋಡತೀನಿ."

ಆ ಮಾತು ಬಾಯಿಂದ ಬೀಳುವಾಗ ಅದರ ಹಿಂದೆ ಏನೇನು ಬರಲಿದೆ ಎಂದು ಅವನಿಗೆ ತಿಳಿಯಲಿಲ್ಲ. ಯಂತ್ರವನ್ನು ಕೌದಿಯಲ್ಲಿ ಸುತ್ತಿ, ಪ್ಯಾಸೆಂಜರ್ ಗಾಡಿಯಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡ. ಎದುರಿಗೆ ಕೂತ ಮುದುಕಿ, "ಏನಪಾ, ದೇವರ ಪೆಟ್ಟಿಗೇನು?" ಎಂದು ಕೈಮುಗಿಯಲು ಹೋದಳು. ಮನೆಯಲ್ಲಿ ಬಿಚ್ಚಿ ನೋಡಿದ. ಒಳಗೆ ಧೂಳಿನ ಸುಳಿವೇ ಇಲ್ಲ. ಫ್ಯಾನು ತಿರುಗುತ್ತಿತ್ತು. ಇಡೀ ದಿನ ಅದೇ ಆಟ ಓಡಿಸಿದ, ಒಂದು ಸಲವೂ ತೊಡರಲಿಲ್ಲ. ಬಿಸಿಯಾಗುತ್ತಿರಬಹುದೇ ಎಂಬ ವಿಚಾರ ಒಮ್ಮೆ ಸುಳಿದದ್ದುಂಟು. ಆದರೆ ಕ್ಲಾಸಿನಲ್ಲಿದ್ದ ಹಳೆಯ ಯಂತ್ರಗಳು ಬಿಸಿಯಾದರೆ ಒಮ್ಮೆಲೇ ನಿಂತುಬಿಡುತ್ತಿದ್ದವು, ಹೀಗೆ ಕುಂಟುತ್ತಿರಲಿಲ್ಲ. ಧೂಳಂತೂ ಇಲ್ಲವೇ ಇಲ್ಲ. ಆ ವಿಚಾರ ಬಿಟ್ಟ. ಹಾಗೆಯೇ ಒಯ್ದು ಕೊಟ್ಟು ಬಂದ.

ವಾರ ಕಳೆಯುವುದರೊಳಗೆ ರುಕ್ಮಿಣಿಬಾಯಿಯ ಅಕ್ಕನ ಮಗಳು ಪ್ರಮಿತಾ ಸುಜಯನ ಮನೆಗೆ ಬಂದಳು. ಚಿತ್ತಾಪುರಕ್ಕೇ ಕೊಟ್ಟ ಹುಡುಗಿ. ಸಂಬಂಧ ಕೂಡಿಸಿದವಳೂ ಅವಳೇ. ಶ್ರೀವಿದ್ಯಾಳನ್ನು ಹಿತ್ತಿಲಿಗೆ ಕರೆದು ಪಿಸುಗುಟ್ಟಿದಳು.

"ನಾ ಅನ್ನೂದಲ್ಲವ್ವಾ, ಮಂದಿ ಅನ್ನಲಿಕತ್ತಾರ. ನಿಮ್ಮಣ್ಣ ಮಷೀನು ಮನಿಗೆ ಒಯ್ದು ಒಳಗಿನ ಹೊಸಾ ಸಾಮಾನು ತಗದು ಹಳೇದ್ದು ಹಾಕ್ಯಾನಂತ. ಅದಕs ಅದು ಮತ್ತ ಹಂಗs ಆಗ್ಯದಂತ. ನಿಶ್ಚಯದ ಮಾತು ತಗದ್ರ ಚಿಕ್ಕಮ್ಮ 'ನೋಡೋಣು' ಅಂದ್ಲು."

ಪ್ರಮಿತಾ ಹೋದ ಮೇಲೆ ಶ್ರೀವಿದ್ಯಾ ಅಣ್ಣನ ಬಳಿ ಬಂದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೇ ಎಲ್ಲ ಹೇಳಿದಳು. ಕೊನೆಗೆ, "ಅಣ್ಣಾ, ನೀ ಏನೂ ಬದಲಿ ಮಾಡಿಲ್ಲ, ಹೌದಲ್ಲೋ?" ಎಂದಳು.

ಅವಳು ನಂಬದೆ ಕೇಳಲಿಲ್ಲ, ಒಮ್ಮೆ ಕೇಳಿ ಹಗುರಾಗಬೇಕೆಂದು ಕೇಳಿದಳು. ಅದು ಸುಜಯನಿಗೂ ಗೊತ್ತು. ಆದರೂ ಆ ಪ್ರಶ್ನೆ ತನ್ನ ಮನೆಯೊಳಗೆ ಹುಟ್ಟಿತಲ್ಲ!

"ನಿನ್ನಾಣಿ ಇಲ್ಲ, ವಿದ್ಯಾ" ಎಂದ. ಅವಳು ತಲೆಯಾಡಿಸಿದಳು. ಆ ದಿನ ಅಣ್ಣತಂಗಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಅಂಗಡಿಯಲ್ಲಿ ಅರ್ಜಿಯೊಂದನ್ನು ತಪ್ಪು ತಪ್ಪು ಟೈಪ್ ಮಾಡಿ, ಮತ್ತೆ ಮಾಡಿ, ಮತ್ತೆ ತಪ್ಪಿದ. ಮಶಾಕ ಹಾಳೆ ಕಸಿದುಕೊಂಡ.

"ಅರೆ ಭಾಯಿ, ಇಲ್ಲಿ ಕುಂತು ನನ್ನ ಕಾಗದ ಯಾಕ ಹಾಳು ಮಾಡತೀ? ಹೋಗಿ ಅವರ ಕೂಡ ಮಾತಾಡಿ ಬಾ."

"ಹೇಳಿಲ್ಲ. ಹೇಳದs ಹೋಗಬಾರದು."

"ನಿಮ್ಮ ರಿವಾಜಿನಾಗ ಹೇಳದs ಸಂಬಂಧ ಮುರೀಬಹುದೇನು?"

ಮಧ್ಯಾಹ್ನದ ಗಾಡಿಗೆ ಸುಜಯ ಹೊರಟೇಬಿಟ್ಟ. ವಾಡಿಯಲ್ಲಿ ಗಾಡಿ ಬದಲಿಸುವಾಗ ಎರಡು ಸಲ ಹಿಂದಿರುಗಿ ಹೋಗಬೇಕೆನಿಸಿತು. ಚೀಲದಲ್ಲಿ ಸ್ಕ್ರೂಡ್ರೈವರು, ಯಂತ್ರದೊಳಗೆ ಹಚ್ಚುವ ಪೇಸ್ಟಿನ ಸಣ್ಣ ಟ್ಯೂಬು, ಒಂದು ಬ್ರಶ್ಶು. ಪೇಡೆ ಕೊಳ್ಳುವುದು ಶಹಾಬಾದ ಸ್ಟೇಷನ್ ಬಿಟ್ಟು ಬಂದಮೇಲೆ ನೆನಪಾಯಿತು. ಬರಿಗೈ. ಹೇಳದೆ, ಬರಿಗೈಯಲ್ಲಿ. ಇನ್ನೇನು ಉಳಿಯಿತು ಎಂದುಕೊಳ್ಳುತ್ತ ಬಾಗಿಲು ತಟ್ಟಿದ.

ಬಾಗಿಲು ತೆಗೆದ ರುಕ್ಮಿಣಿಬಾಯಿ ಅವನನ್ನು ನೋಡಿ ಗಾಬರಿಯಾದರು.

"ಅಯ್ಯ! ಹೇಳಿ ಬರಬಾರದೇನಪಾ!"

ಎಂದವರೇ ಒಳಗೆ ಓಡಿ ಟೀವಿಯ ಗವಸಣಿಗೆ ಕಿತ್ತು ತೆಗೆದರು, ರೇಡಿಯೊದ್ದು ಎಳೆದರು, ಕುರ್ಚಿಯ ಮೇಲಿನ ಹಾಸು ಮುದುಡಿ ಕಂಕುಳಲ್ಲಿಟ್ಟುಕೊಂಡರು. ಸುಜಯನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಬೀಗರ ಎದುರು ಸಾಮಾನಿಗೆ ಮುಸುಕು ಹಾಕಿಟ್ಟರೆ 'ನೀವು ಮುಟ್ಟಬೇಡಿರಿ' ಎಂದು ಹೇಳಿದಂತೆ ಎಂಬುದು ಆ ಮನೆಯ ನಡಾವಳಿ; ಬೀಗರು ಬರುವ ದಿನ ಬೆಳಿಗ್ಗೆಯೇ ಎಲ್ಲ ತೆಗೆದು ಒರೆಸಿಡುತ್ತಿದ್ದರು. ಅವನು ಇದುವರೆಗೆ ಕಂಡದ್ದು ಬೀಗರಿಗಾಗಿ ಸಿಂಗಾರಗೊಂಡ ಮನೆಯನ್ನು.

ಒಳಕೋಣೆಯಲ್ಲಿ ರಾಯರು ಆಟದಲ್ಲಿದ್ದರು. ರೈಲು ಜಗ್ಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಜಗ್ಗುತ್ತಿತ್ತು. ಮೇಜಿನ ಕೆಳಗೆ ಕಂಪ್ಯೂಟರಿನ ಡಬ್ಬಿಯ ಮೈತುಂಬ ಕರಿಯ, ದಪ್ಪನೆಯ ಗವಸಣಿಗೆ. ರಾಯರ ಗಾರ್ಡ್ ಕಾಲದ ರೇನ್‌ಕೋಟು ಕತ್ತರಿಸಿ ರುಕ್ಮಿಣಿಬಾಯಿ ಹದಿನೈದು ದಿನ ಕೂತು ಹೊಲಿದದ್ದು. ಬಟನ್ನಿಗೆ ಒಂದು ಕಿಟಕಿ, ತಂತಿಗಳಿಗೆ ಒಂದು ತೂತು, ಅಂಚಿಗೆ ಕೆಂಪು ದಾರದ ಕಸೂತಿ.

ಸುಜಯ ಬಗ್ಗಿ ಕೈಯಿಟ್ಟ. ರೊಟ್ಟಿಯ ಹಂಚು ಮುಟ್ಟಿದಂತಾಗಿ ಕೈ ಹಿಂತೆಗೆದ.

"ಬಂದ್ಯಾ? ಛಲೋ ಆತು. ಕಣ್ಣಾರೆ ನೋಡು" ಎಂದರು ರಾಯರು, ತಿರುಗದೆ. ಅಷ್ಟರಲ್ಲಿ ರುಕ್ಮಿಣಿಬಾಯಿ ಬಂದು ಆ ಗವಸಣಿಗೆಯನ್ನೂ ಸರ್ರನೆ ಎಳೆದು ತೆಗೆದರು. ಮೂವರೂ ಪರದೆ ನೋಡಿದರು. ಸ್ವಲ್ಪ ಹೊತ್ತಿಗೆ ರೈಲು ಜಗ್ಗುವುದು ಕಡಿಮೆಯಾಯಿತು, ಆಮೇಲೆ ಜಗ್ಗುವುದೇ ನಿಂತಿತು. ಸೇತುವೆಯ ಮೇಲೆ ಅದು ಸರಾಗ ಓಡತೊಡಗಿತು.

"ನೋಡಿದ್ಯಾ? ನೀ ಬಂದಕೂಡ್ಲೆ ಸುದ್ದ ಆತು! ಮಷೀನಿಗೂ ಬೀಗರ ಅಂಜಿಕಿ ಅದ."

ಯಂತ್ರದ ಮಿದುಳಾದ ಪ್ರೊಸೆಸರ್ ಬಿಸಿಯಾದಾಗ ಸುಟ್ಟುಹೋಗದಿರಲೆಂದು ತಾನಾಗಿಯೇ ಓಟ ತಗ್ಗಿಸುತ್ತದೆ, ಹೊಸ ಯಂತ್ರಗಳ ಗುಣವೇ ಅದು ಎಂಬುದು ಸುಜಯನಿಗೆ ಈಗ ಹೊಳೆಯಿತು. ಹೊಳೆದದ್ದನ್ನು ಹೇಳುವುದು ಹೇಗೆ? ಗವಸಣಿಗೆಯದ್ದು ತಪ್ಪು ಎಂದರೆ, ತಂಗಿಯ ಅತ್ತೆಯಾಗಬೇಕಾದವರ ಕೈಗೆಲಸಕ್ಕೆ, ಅವರ ಅಚ್ಚುಕಟ್ಟಿಗೆ, ಅವರದೇ ಮನೆಯಲ್ಲಿ ನಿಂತು ಹೆಸರಿಟ್ಟಂತೆ. ತನ್ನದು ತಪ್ಪು ಎಂದರೆ, ಮಂದಿ ಆಡಿದ್ದು ನಿಜವಾಯಿತು. ಎರಡು ಕಡೆಯೂ ಸಿಕ್ಕಿಬೀಳುವವಳು ತಂಗಿಯೇ.

"ಜರಾ ಬಂದ್ ಮಾಡ್ರಿ ಕಾಕಾ, ಬಿಚ್ಚಿ ನೋಡತೀನಿ" ಎಂದ.

ಬಿಚ್ಚಿದ. ಪ್ರೊಸೆಸರಿನ ಮೇಲಿನ ಫ್ಯಾನು ಎತ್ತಿದ. ಅಡಿಯಲ್ಲಿ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚುವ ಬಿಳಿಯ ಪೇಸ್ಟು ಒಂದು ಬದಿಗೆ ತೆಳ್ಳಗಾಗಿ, ಮೂಲೆಯಲ್ಲಿ ಒಣಗಿದಂತೆ ಕಂಡಿತು. ಹಚ್ಚಿದವನು ತಾನೇ. ಕಡಿಮೆ ಹಚ್ಚಿದ್ದೆನೇ? ಇಷ್ಟು ಸಾಕೇ, ಸಾಲದೇ? ಕ್ಲಾಸಿನಲ್ಲಿ ತೋರಿಸಿದ್ದು ಒಂದೇ ಸಲ. ಹಿಂದೆ ಮುಂದೆ ನೋಡದೆ ಒರೆಸಿ ಹೊಸದಾಗಿ ಹಚ್ಚಿ ಫ್ಯಾನು ಕೂಡಿಸಿದ.

"ಏನಾಗಿತ್ತು?" ಎಂದರು ರುಕ್ಮಿಣಿಬಾಯಿ. ಗವಸಣಿಗೆ ಇನ್ನೂ ಅವರ ಕೈಯಲ್ಲೇ ಇತ್ತು.

"ಒಳಗ ಪೇಸ್ಟ್ ಕಡಿಮಿ ಬಿದ್ದಂಗ ಕಾಣತದ್ರಿ ಕಾಕು. ಅದು ನಂದs ತಪ್ಪು."

"ಅಷ್ಟs?"

ಅವನು ಸ್ಕ್ರೂಡ್ರೈವರನ್ನೇ ನೋಡುತ್ತಿದ್ದ.

"ಮತ್ತ... ಅದಕ್ಕ ಬೆನ್ನ ಕಡೆ ಗಾಳಿ ಬೇಕರಿ."

"ಅಂದ್ರ ನಾ ಹೊಲದದ್ದು ಅದರ ಮೂಗು ಮುಚ್ಚತದ ಅಂತೀಯೇನು?"

ಹೊರಗೆ ಕಲ್ಲು ಕೊಯ್ಯುವ ಸದ್ದು.

"ಹೌದ್ರಿ ಕಾಕು" ಎಂದ ಸುಜಯ. "ಬಿಸಿಯಾಗಿ ಸಾವಕಾಶ ಆಗತದ. ಅದನ್ನ ಹಾಕಿ ಆಡಬಾರದ್ರಿ. ಆದ್ರ ಒಳಗ ಒಂದು ಚೂರೂ ಧೂಳಿಲ್ಲ. ಅದೂ ನೀವು ಹೊಲದದ್ದಕ್ಕs."

"ಹಂಗಾರ ಇಷ್ಟು ಸಲ ಬಂದಿ, ಒಂದು ಸಲಾನೂ ಯಾಕ ಹೇಳಲಿಲ್ಲ?"

"ನಾ ಬಂದಾಗ ಅದು ಇರತಿದ್ದಿಲ್ರಿ."

ರುಕ್ಮಿಣಿಬಾಯಿ ಗವಸಣಿಗೆಯನ್ನು ನೋಡಿದರು, ಅವನನ್ನು ನೋಡಿದರು. ಬೀಗರು ಬಂದಾಗಲೆಲ್ಲ ತಾವೇ ಅದನ್ನು ತೆಗೆದಿಡುತ್ತಿದ್ದದ್ದು ಅವರಿಗೂ ಈಗ ಹೊಳೆಯಿತು. ಮುಖ ಕೆಂಪಾಯಿತು. ಸಿಟ್ಟೋ ನಾಚಿಕೆಯೋ ಸುಜಯನಿಗೆ ತಿಳಿಯಲಿಲ್ಲ. ರಾಯರಿಗೆ ತಡೆಯಲಾಗಲಿಲ್ಲ, ಕೆಮ್ಮು ಬರುವಂತೆ ನಕ್ಕರು.

"ಲೇಟ್ ಮಾಡಿದಾಕಿ ನೀನs ಏನ! ಮೆಮೊ ನಿನಗs ಕೊಡಬೇಕು!"

"ಸಾಕು ಸುಮ್ಮನಿರ್ರಿ" ಎಂದು ಗದರಿದರು ರುಕ್ಮಿಣಿಬಾಯಿ. ಆಮೇಲೆ ಸುಜಯನಿಗೆ, "ನಾವೂ ಏನೇನರೆ ಅಂದ್ವಿ. ಕಿವಿಗೆ ಬಿದ್ದಿರಬೇಕು" ಎಂದರು. ಅವನು ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡ. "ಕುಂದ್ರು, ಅವಲಕ್ಕಿ ಹಚ್ಚತೀನಿ. ಪಂಚಾಂಗ ನೋಡ್ಲಿಕ್ಕೆ ಇವರಿಗೆ ಹೇಳು. ಆಟದಾಗ ಮೈಮರತು ಆ ಕೆಲಸಾನೂ ಲೇಟ್ ಮಾಡ್ಯಾರ."

ಮಾರ್ಗಶಿರದಲ್ಲಿ ನಿಶ್ಚಯವಾಯಿತು, ಮಾಘದಲ್ಲಿ ಮದುವೆ. ಅಂದಿನಿಂದ ರಾಯರ ರೈಲೂ ತಡವಾಗಲಿಲ್ಲ. ಆಡುವಾಗ ಗವಸಣಿಗೆ ತೆಗೆದಿಡುತ್ತಾರೆ.

ಆದರೆ ಸುಜಯನ ಮನಸ್ಸಿಗೆ ಸಮಾಧಾನವಿಲ್ಲ. ಕೆಟ್ಟದ್ದನ್ನು ಹುಡುಕುವವನು ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಅವನು ಅಂಜಿಕೆಯಲ್ಲಿ ಪೇಸ್ಟು ಹಚ್ಚುವುದು, ಗವಸಣಿಗೆ ತೆಗೆಸುವುದು ಎರಡನ್ನೂ ಒಟ್ಟಿಗೆ ಮಾಡಿದ. ಪೇಸ್ಟು ಸರಿಯಾಗಿದ್ದಿದ್ದರೆ ಯಂತ್ರ ಆ ಗವಸಣಿಗೆಯೊಳಗೂ ಓಡುತ್ತಿತ್ತೋ ಏನೋ. ಹಾಗಿದ್ದರೆ ಆ ತಾಯಿಯ ಮೇಲೆ ಅರ್ಧ ತಪ್ಪು ಹೊರಿಸಿ ಬಂದದ್ದಾಯಿತು. ಮತ್ತೆ ಗವಸಣಿಗೆ ಹಾಕಿ ಪರೀಕ್ಷಿಸಿ ನೋಡಬಹುದಿತ್ತು; ತಂಗಿ ಇರುವ ಮನೆಯಲ್ಲಿ ಅದನ್ನು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ತಪ್ಪು ಹೊಲಿದವರದೋ, ಜೋಡಿಸಿದವನದೋ, ನನಗೂ ಗೊತ್ತಿಲ್ಲ.