ಗೋಡೆಯಾಚೆಯ ಮಂತ್ರ

"ಬಾಯಿಗೆ ನೀರು ಬಿಡೋರು ಬರ್ರಿ, ಹೊತ್ತಾಗ್ತೈತೆ!" ಪೋಸ್ಟ್‌ಮನ್ ಖುದ್ದೂಸ್ ತಂಬಿಗೆ ಹಿಡಿದು ಕೂಗಿದ.

ಓಣಿಯ ಹೆಂಗಸರು ಹೊಸ್ತಿಲ ಹೊರಗೇ ನಿಂತರು. ಒಳಗೆ ಚಾದಂಗಡಿ ಕುರುಪ್‌ನ ಹೆಣ. ಕೇರಳದಿಂದ ಹರಿಹರಕ್ಕೆ ಬಂದು, ಇಲ್ಲೇ ಚಾ ಕಾಸಿ ಮುದುಕನಾದವ. ಹೊರಲು ನಾಲ್ಕು ಜನ ಹೊಂದಿಸಲು ಖುದ್ದೂಸನಿಗೆ ಸಾಕುಬೇಕಾಗಿತ್ತು. ಹೆಂಗಸರ ನಡುವೆ ನಿಂತಿದ್ದ ಮೈಲಮ್ಮನ ಮನೆಗೂ ಕುರುಪ್‌ನ ಮನೆಗೂ ನಡುವೆ ಒಂದೇ ಗೋಡೆ. ಆದರೂ ಅವಳ ಕಾಲು ಏಳಲೊಲ್ಲದು.

"ಖುದ್ದೂಸಣ್ಣ, ಗೋಡೆ ಮ್ಯಾಲಿನ ಆ ಮೀಸೆ ಮುಖ ಮೊದ್ಲು ಕೀಳ್ರಿ," ದುರುಗಮ್ಮ ಹೊರಗಿನಿಂದಲೇ ಅಂದಳು. "ಮಾಟದ್ದು ಅದು."

ಖುದ್ದೂಸನಿಗೆ ರೇಗಿತು. "ಥೂ ನಿಮ್ಮ! ಸ್ಟಾಂಪು ಕಣ್ರಮ್ಮ ಅದು! ನಾನೇ ತಂದುಕೊಟ್ಟಿದ್ದೆ. ಅವ್ರ ಕಡೆಯ ದೊಡ್ಡ ಕವಿಯಂತೆ. ಮಲಯಾಳಂ ಸಾಹಿತ್ಯದ ಚರಿತ್ರೆ ಬರೆದೋರಂತೆ, ಸರಕಾರದೋರು ಸ್ಟಾಂಪು ಮಾಡ್ಯಾರೆ. ಸಂಜೆ ದೀಪ ಹಚ್ಚಿ ಮುದುಕ ಅವ್ರ ಪದ್ಯ ಹೇಳ್ಕೊಂತಿತ್ತು, ಅಷ್ಟೇ."

ಮೈಲಮ್ಮ ಒಳಗಿನ ಗೋಡೆಯತ್ತ ಕತ್ತು ಚಾಚಿದಳು. ಅಯ್ಯೋ, ಪದ್ಯವೇ?

*

ಎಂಬತ್ತೊಂದರ ಬೇಸಿಗೆ. ಮೈಲಮ್ಮನ ಮಗಳು ಗಿರಿಜೆ ಕುರುಪ್‌ನ ಬಾಗಿಲಲ್ಲಿ ಕೂತು ಆ ಪದ್ಯವನ್ನೇ ಬಾಯಿಬಿಟ್ಟು ಕೇಳುತ್ತಿದ್ದಳು. ಮರುದಿನ ಅವಳಿಗೆ ಜ್ವರ. ಮಲೆಯಾಳದವರೆಂದರೆ ಮಾಟದವರು ಎಂಬ ಭಯ ಓಣಿಗೆಲ್ಲ ಇತ್ತು. ಅದನ್ನು ಬಾಯಿಬಿಟ್ಟು ಆಡಿದವಳು ಮಾತ್ರ ಮೈಲಮ್ಮ: "ನನ್ನ ಕೂಸಿಗೆ ಏನೋ ಮಾಡ್ಯಾನೆ ಅವ್ನು!" ಮಾತಿಗೇನು, ಕಾಲು ಬೇಕೆ! ಸಂತೆಯ ದಿನ ಬರುವಷ್ಟರಲ್ಲಿ ಚಾದಂಗಡಿಯ ಬೆಂಚು ಖಾಲಿ.

ಜ್ವರ ದಾವಣಗೆರೆ ಡಾಕ್ಟರ ಮಾತ್ರೆಗೇ ಇಳಿದಿತ್ತು. ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಕುರುಪ್ ಒಂದು ಬನ್ನು ಹಿಡಿದು ಬಂದಿದ್ದ. "ಕೂಸು ಹೆಂಗೈತೆ, ಅವ್ವಾ?"

ಮೈಲಮ್ಮ ಮಗಳನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡು ಬಾಗಿಲು ಹಾಕಿದ್ದಳು.

*

ಈಗ ಅವಳು ಹೊಸ್ತಿಲು ದಾಟಿ ತಂಬಿಗೆ ಇಸಿದುಕೊಂಡಳು. ಬಿಟ್ಟ ನೀರು ತುಟಿಯ ಬದಿಯಿಂದ ಜಾರಿ ಹೋಯಿತು.

"ತಪ್ಪಾತು ಅಣ್ಣಾ," ಹೆಣದ ಮುಖ ನೋಡಿ ಅಂದಳು. "ಸುಟ್ಟ ನಾಲಿಗೆ ನಂದು."

"ಅವ್ರ ಭಾಷೇಲಿ ಒಂದು ಮಾತು ಹೇಳಿ ಕಳ್ಸೋರೂ ಇಲ್ಲ ನೋಡವ್ವಾ," ಖುದ್ದೂಸ್ ಕಣ್ಣೊರೆಸಿಕೊಂಡ.

ಮೈಲಮ್ಮನಿಗೆ ಆ ಪದ್ಯ ಬರುತ್ತಿತ್ತು. ದಿನಾ ಸಂಜೆ ಗೋಡೆಯಾಚೆಯಿಂದ ಕೇಳಿ ಕೇಳಿ, ಬೇಡವೆಂದರೂ ಬಾಯಿಪಾಠವಾಗಿತ್ತು. ಅರ್ಥ ಮಾತ್ರ ಒಂದಕ್ಷರ ತಿಳಿಯದು. ಕುರುಪ್‌ನ ಕಿವಿಯ ಹತ್ತಿರ ಬಾಗಿ, ಅವನ ರಾಗದಲ್ಲೇ ಹೇಳತೊಡಗಿದಳು. ತಪ್ಪಿದಲ್ಲಿ ನಿಂತು, ಮತ್ತೆ ಹಿಡಿದು.

ಹೊರಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ದುರುಗಮ್ಮ ಮೊಮ್ಮಗಳನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು.